ಮಡಚದ ಕಂಬಳಿಯ ಗುಡ್ಡ

ಹನಕನಹಾಳದಲ್ಲಿ ಬಸ್ಸಿಳಿದು ಪಡುವಣಕ್ಕೆ ಮುಖ ಮಾಡಿದರೆ ಹೊಳೆಯ ಈಚೆ ದಡದಲ್ಲಿ ಒಂದು ಬೋಳು ಗುಡ್ಡ ಕಾಣುತ್ತದೆ. ವರ್ಷದ ಹೆಚ್ಚಿನ ಕಾಲ ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಕಲ್ಲು, ಕಳ್ಳಿ, ಅಲ್ಲಲ್ಲಿ ಒಣಹುಲ್ಲು, ಅಷ್ಟೇ. ಆದರೆ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಬಂಡೆಯ ತಗ್ಗುಗಳಲ್ಲಿ ನೀರು ನಿಂತ ಮೇಲೆ ಬನ್ನಿ! ಹೊಳೆಯ ಕಡೆಗಿರುವ ಇಳಿಜಾರು ಒಂದೇ ಬೆಳಗಿನಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಎಲೆಯೇ ಇಲ್ಲದ ಗೇಣುದ್ದದ ದಂಟು, ದಂಟಿನ ತುಂಬ ತಲೆ ಕೆಳಗೆ ಮಾಡಿ ತೂಗುವ ಪುಟ್ಟ ಬಿಳಿ ಹೂ, ಹೂವಿನ ಬಾಯಿಗೆ ನವಿರಾದ ನೇರಳೆ ಅಂಚು. ಕುರಿಮರಿಯ ಕೊರಳಿಗೆ ಕಟ್ಟುವ ಗಂಟೆಯದೇ ಗಾತ್ರ, ಅದರದೇ ಆಕಾರ. ಅದಕ್ಕೇ ಇದನ್ನು ನಮ್ಮ ಕಡೆ ಮರಿಗಂಟೆ ಹೂ ಎನ್ನುತ್ತಾರೆ. ಸುತ್ತಲಿನ ಯಾವ ಗುಡ್ಡದಲ್ಲೂ ಈಗ ಅದು ಉಳಿದಿಲ್ಲ. ಇರುವುದು ಈ ಒಂದೇ ಇಳಿಜಾರಿನಲ್ಲಿ. ಮೊದಲ ಮಳೆಯ ಮರುದಿನದಿಂದ ಈ ಮುಪ್ಪಿನಲ್ಲೂ ನನಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. "ಅಜ್ಜ ಹೊಂಟ ನೋಡ್ರಿ" ಎಂದು ಸೊಸೆಯಂದಿರು ನಗುತ್ತಾರೆ. ನಗಲಿ. ಅದನ್ನು ಕಂಡೂ ಸುಮ್ಮನಿರುವವನು ಇನ್ನೇನು ಕಂಡು ಹಿಗ್ಗಿಯಾನು?

ಈ ಗುಡ್ಡಕ್ಕೆ ಊರವರು ಕರೆಯುವ ಹೆಸರು ಮಡಚದ ಕಂಬಳಿಯ ಗುಡ್ಡ. ಮಳೆಗಾಲದಲ್ಲಿ ಕವಿಯುವ ಕರಿಮೋಡವೇ ಆ ಕಂಬಳಿ ಎಂದು ಕೆಲವು ಪಂಡಿತರು ವಿವರಿಸಿದ್ದುಂಟು. ಮೋಡ ಕವಿಯದ ಗುಡ್ಡ ಯಾವ ಊರಲ್ಲಿದೆ ಸ್ವಾಮಿ? ನಿಜವಾದ ಸಂಗತಿ ಬೇರೆ. ಅದನ್ನು ನಾನು ಕೇಳಿದ್ದು ನಮ್ಮಜ್ಜಿಯ ಬಾಯಿಂದ. ಹೇಳುತ್ತ ಹೇಳುತ್ತ ಆಕೆ ಕೂತಲ್ಲಿಂದ ಎದ್ದು ನಿಂತುಬಿಡುತ್ತಿದ್ದಳು. ಬರೆಯುತ್ತಿರುವ ನನಗೂ ಈಗ ಹಾಗೇ ಆಗುತ್ತಿದೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಕಟ್ಟಿಗಲ್ಲಿನ ದೇಸಾಯಿ ಆಳುತ್ತಿದ್ದ ಕಾಲದಲ್ಲಿ, ಹನಕನಹಾಳ ಪೂರಾ ಕುರುಬರ ಊರಾಗಿತ್ತು ಎನ್ನುತ್ತಾರೆ. ಸುಗ್ಗಿ ಮುಗಿದೊಡನೆ ಗಂಡಸರು ಕುರಿ ಹೊಡೆದುಕೊಂಡು ಹೊಳೆಯಾಚೆಯ ಎರೆಸೀಮೆಗೆ ಹೋಗುತ್ತಿದ್ದರು. ಹೋಗುವುದೇನೋ ಸುಲಭ, ಮರಳುವ ದಿನ ಹಿಡಿಯುವುದೇ ಕಷ್ಟ. ಬೇಗ ಬಂದರೆ ಈಚೆ ನೀರಿಲ್ಲ, ಹುಲ್ಲಿಲ್ಲ. ಬರೀ ಮೋಡ ನಂಬಿ ಬಂದ ಒಂದು ವರ್ಷ ಮರಿಗಳೆಲ್ಲ ಬಾಯಾರಿ ಸತ್ತಿದ್ದವಂತೆ. ತಡ ಮಾಡಿದರೆ ಹೊಳೆ ತುಂಬಿ ಮಳೆಗಾಲವೆಲ್ಲ ಆಚೆಯೇ ಉಳಿಯಬೇಕು. ಎರೆಮಣ್ಣಿನ ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆತು ಹಿಂಡಿಗೆ ಹಿಂಡೇ ಮಲಗಿಬಿಡುತ್ತದೆ. ಈ ಎರಡರ ನಡುವೆ ಸಿಗುವುದು ಕೆಲವೇ ದಿನ. ಆ ದಿನ ಬಂತು ಎಂದು ಹೇಳುತ್ತಿದ್ದುದು ಮರಿಗಂಟೆ. ಬಂಡೆಯ ತಗ್ಗು ತುಂಬಿ ನೀರು ನಿಲ್ಲುವ ತನಕ ಅದರ ಗಡ್ಡೆ ಮಿಸುಕುವುದಿಲ್ಲ. ಗುಡ್ಡ ಬೆಳ್ಳಗಾಯಿತೆಂದರೆ ಊರಲ್ಲಿ ನೀರುಂಟು, ಹುಲ್ಲುಂಟು ಎಂದೇ ಅರ್ಥ. ಎರೆಸೀಮೆಯಲ್ಲಿ ಚದುರಿದ ಹಿಂಡುಗಳೆಲ್ಲ ಆ ಬಿಳುಪನ್ನು ದೂರದಿಂದ ಕಂಡು ಹೊಳೆಯತ್ತ ತಿರುಗುತ್ತಿದ್ದವು. ಗುಡ್ಡ ಬೆಳ್ಳಗಾಗದೆ ಹೊಳೆ ದಾಟಬಾರದೆಂಬುದು ಹಿರಿಯರು ಹಾಕಿದ ಕಟ್ಟಳೆ. ಮೋಡ ಸುಳ್ಳಾಡೀತು, ಮರಿಗಂಟೆ ಸುಳ್ಳಾಡದು ಎಂಬ ಮಾತು ಈಗಲೂ ನಮ್ಮಲ್ಲಿದೆ.

ಆಗ ಈ ಹೂ ಸುತ್ತಲಿನ ಗುಡ್ಡಗಳಲ್ಲೆಲ್ಲ ಇತ್ತು. ಒಂದು ಮುಂಗಾರಿನಲ್ಲಿ ಕುದುರೆಯ ಮೇಲೆ ಹಾದುಹೋಗುತ್ತಿದ್ದ ದೇಸಾಯಿ ಅದನ್ನು ಕಂಡ, ಮರುಳಾದ. ತಪ್ಪೇನಿಲ್ಲ, ಯಾರಾದರೂ ಮರುಳಾಗುತ್ತಾರೆ. ಆದರೆ ಇಂಥ ಹೂ ಕುರಿ ಕಾಯುವವರ ಪಾಲಿಗೇಕೆ ಎಂದು ಗಡ್ಡೆಗಳನ್ನು ಅಗೆಸಿ, ವಾಡೆಯ ತೋಟದ ಕರಿಮಣ್ಣಿನಲ್ಲಿ ನೆಡಿಸಿ, ಹೊತ್ತು ಹೊತ್ತಿಗೆ ನೀರು ಹೊಯ್ಯಿಸಿದ. ಬಂಡೆಯ ಮೇಲೆ ಬಾಯಾರಿ ಬದುಕುವ ಗಡ್ಡೆಗೆ ಅಂಥ ಉಪಚಾರ ಒಗ್ಗೀತೇ? ಎಲ್ಲ ಕೊಳೆತವು. ಗಡ್ಡೆಯದೇ ದೋಷವೆಂದು ತಿಳಿದು ಮರುವರ್ಷ ಇನ್ನೊಂದು ಗುಡ್ಡ ಅಗೆಸಿದ, ಅದರ ಮರುವರ್ಷ ಮತ್ತೊಂದು. ಅತಿ ಆಸೆ ಗತಿಗೇಡು ಎಂದು ದೊಡ್ಡವರ ಕಿವಿಯಲ್ಲಿ ಹೇಳುವವರು ಯಾರು? ಕೊನೆಗೆ ಉಳಿದದ್ದು ಹನಕನಹಾಳದ ಇಳಿಜಾರು ಮಾತ್ರ. ಬೇಸಗೆಯ ಕೊನೆಯಲ್ಲಿ, ಗಂಡಸರು ಯಾರೂ ಊರಲ್ಲಿಲ್ಲದ ಹೊತ್ತು ನೋಡಿ, ದೇಸಾಯಿಯ ಕಾರಭಾರಿ ಗುದ್ದಲಿ ಹಾರೆಗಳ ದಂಡು ಕಟ್ಟಿಕೊಂಡು ಬಂದ.

ಅವರನ್ನು ಮೊದಲು ಕಂಡವಳು ಮಾಳವ್ವ. ಊರಿನ ದೊಡ್ಡ ಹಿಂಡಿನ ಮುಂದಾಳು ಜಕ್ಕಪ್ಪನ ಹೆಂಡತಿ. ಗಂಡ ಹೊಳೆ ದಾಟಿ ಹೋದ ಮೇಲೆ ಹುಟ್ಟಿದ ಹಸುಗೂಸು ಬಗಲಲ್ಲಿತ್ತು. ಆ ಮಗಳ ಮುಖವನ್ನು ಅಪ್ಪ ಇನ್ನೂ ನೋಡಿರಲಿಲ್ಲ. ಗುದ್ದಲಿಗಳು ಗುಡ್ಡ ಏರುವುದನ್ನು ಕಂಡವಳಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಹೂ ಇಲ್ಲವೆಂದರೆ ಗುಡ್ಡ ಬೆಳ್ಳಗಾಗುವುದಿಲ್ಲ, ಗುಡ್ಡ ಬೆಳ್ಳಗಾಗದೆ ಹಿಂಡು ಬರುವುದಿಲ್ಲ. ಎಲ್ಲೆಲ್ಲಿ ಚದುರಿವೆಯೋ ಆ ಹಿಂಡುಗಳನ್ನು ಹುಡುಕಿ ಸುದ್ದಿ ಮುಟ್ಟಿಸುವಷ್ಟರಲ್ಲಿ ಹೊಳೆ ತುಂಬಿರುತ್ತದೆ. ಆಕೆ ಓಡಿದಳು. ಎಂಥ ಓಟವೆನ್ನುತ್ತೀರಿ! ಹಾರೆ ಮೇಲೆತ್ತಿದವನ ಕಾಲ ಬಳಿಯೇ ಹೋಗಿ ನಿಂತು, ಕೂಸಿಗೆ ಸುತ್ತಿದ್ದ ಕರಿಕಂಬಳಿಯನ್ನು ಬಿಚ್ಚಿ ನೆಲಕ್ಕೆ ಹಾಸಿದಳು, ಸೆರಗಿನ ಗಂಟಿನಿಂದ ಚಿಟಿಕೆ ಭಂಡಾರ ತೆಗೆದು ಅದರ ಮೇಲಿಟ್ಟಳು.

ಅಗೆಯುವವರು ಗುದ್ದಲಿಗಳನ್ನು ಕೈಬಿಟ್ಟರು. ಅವರೂ ಬೇರೆ ಬೇರೆ ಊರುಗಳ ಕುರುಬರೇ. ಕರಿಕಂಬಳಿ ಹಾಸಿ ಅರಿಸಿನದ ಭಂಡಾರ ಇಟ್ಟ ಮೇಲೆ ಅದು ದೇವರ ಗದ್ದುಗೆ. ಅದರ ಮೇಲೆ ಕೆರ ಮೆಟ್ಟಿದ ಕಾಲು ಬೀಳುವಂತಿಲ್ಲ, ಕಬ್ಬಿಣ ಸೋಕುವಂತಿಲ್ಲ. ಹಾಸಿದವರೇ ಅದನ್ನು ಮಡಚಬೇಕು, ಬೇರೆಯವರು ಮಡಚುವಂತಿಲ್ಲ. ಕಾರಭಾರಿ ಕೂಗಾಡಿದ, ಬೈದ. ಯಾರೂ ಮಿಸುಕಲಿಲ್ಲ. ಕೊನೆಗೆ ಅವನು ಕಣ್ಣರಳಿಸಿ ಕಂಬಳಿಯ ಸುತ್ತ ನೋಡಿದ. ಒಂದು ಕಂಬಳಿ ಮುಚ್ಚುವುದಾದರೂ ಎಷ್ಟು ನೆಲ? "ಇದೊಂದು ಬಿಟ್ಟು ಉಳದದ್ದು ಅಗೀರೋ!" ಎಂದ. ಅಷ್ಟರಲ್ಲಿ ಸುದ್ದಿ ಊರು ಮುಟ್ಟಿ, ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ಕಂಬಳಿಗಳನ್ನು ಹೊತ್ತು ಗುಡ್ಡ ಏರುತ್ತಿದ್ದರು. ಮಾಳವ್ವನ ಕಂಬಳಿಯ ಅಂಚಿಗೆ ಒಬ್ಬಳು ತನ್ನದನ್ನು ತಾಗಿಸಿ ಜಾಲಿಮುಳ್ಳು ಚುಚ್ಚಿ ಕೂಡಿಸಿದಳು, ಅದರ ಅಂಚಿಗೆ ಇನ್ನೊಬ್ಬಳು. ನೋಡನೋಡುತ್ತ ಇಳಿಜಾರೆಲ್ಲ ಒಂದೇ ಕಂಬಳಿಯಾಯಿತು. ಮೊದಲು ಹಾಸಿದವಳು ಮಾಳವ್ವ, ಆದ್ದರಿಂದ ಮಡಚುವ ಹಕ್ಕೂ ಆಕೆಯೊಬ್ಬಳದೇ.

ದೇಸಾಯಿ ತಾನೇ ಕುದುರೆ ಏರಿ ಬಂದ. ತುಳಿದು ಹೋಗೋಣವೆಂದರೆ ಅವನ ಮನೆತನದ ಪಟ್ಟವೂ ಒಂದು ಕಾಲಕ್ಕೆ ಇಂಥ ಕಂಬಳಿಯ ಮೇಲೆಯೇ ಆದದ್ದು.

"ಏನವಾ, ಇದನ್ನ ಎಷ್ಟು ದಿನ ಹಾಸಿರ್ತಿ?" ಎಂದು ಕೇಳಿದ.

"ಮಡಚೂ ತನಕ, ಧಣ್ಯಾರ" ಎಂದಳು ಮಾಳವ್ವ.

ಕಾರಭಾರಿ ದೇಸಾಯಿಯ ಕಿವಿಯಲ್ಲಿ ಏನೋ ಉಸುರಿದ. ಇಂದಲ್ಲ ನಾಳೆ ಮಳೆ ಬೀಳುತ್ತದೆ, ಕಂಬಳಿಯ ಕೆಳಗೆ ಮೊಗ್ಗು ಏಳುತ್ತದೆ, ಹೂವಾಗಬೇಕೆಂದರೆ ಆಕೆಯೇ ಕಂಬಳಿ ತೆಗೆಯಬೇಕು. ನಾವು ಸುಮ್ಮನೆ ಕಾದರೆ ಸಾಕು ಎಂದು. ದೇಸಾಯಿ ಮೀಸೆಯಲ್ಲೇ ನಕ್ಕ. ಎಲ್ಲರೆದುರು ಭಂಡಾರ ಕೈಯಲ್ಲಿ ಹಿಡಿದು, "ಹಾಸಿದಾಕಿ ಮಡಚೂ ತನಕ ಈ ಗುಡ್ಡಕ್ಕ ಗುದ್ದಲಿ ಬೀಳಂಗಿಲ್ಲ. ಮಡಚಿದಳೋ, ಒಂದು ಗಡ್ಡಿನೂ ಉಳಿಯಂಗಿಲ್ಲ" ಎಂದು ಆಣೆ ಮಾಡಿ, ಗುಡ್ಡದ ಬುಡದಲ್ಲಿ ಡೇರೆ ಹೊಡೆಸಿ ಕೂತ. ತನ್ನ ಹಳ್ಳವನ್ನು ತಾನೇ ತೋಡಿಕೊಂಡದ್ದು ಅವನಿಗೆ ಆಗ ತಿಳಿಯಲಿಲ್ಲ.

ಮಳೆ ಬಂತು, ಬಂಡೆಯ ತಗ್ಗುಗಳು ತುಂಬಿದವು. ಕೆಲವು ದಿನಗಳಲ್ಲೇ ಕಂಬಳಿ ಅಲ್ಲಲ್ಲಿ ಉಬ್ಬತೊಡಗಿತು. ಮಾಳವ್ವ ಅಂಗೈ ಇಟ್ಟು ನೋಡಿದಳು. ಕೆಳಗಿನಿಂದ ಮೊಗ್ಗಿನ ತುದಿಗಳು ಕೂಸಿನ ಬೆರಳಿನಂತೆ ಒತ್ತುತ್ತಿದ್ದವು. ಅತ್ತ ಹೊಳೆಯ ನೀರು ಕೆಂಪಾಗಿ ಏರುತ್ತಿತ್ತು. ಆಚೆ ದಡದ ದಿಬ್ಬದಲ್ಲಿ ನಾಯಿ ಬೊಗಳುವುದು ಕೇಳಿಸುತ್ತಿತ್ತು; ಹಿಂಡುಗಳು ಅಷ್ಟು ಹತ್ತಿರ ಬಂದು, ಗುಡ್ಡ ಕಪ್ಪಗಿರುವುದನ್ನು ಕಂಡು ಅಲ್ಲೇ ನಿಂತಿದ್ದವು. ಹೊಳೆಯ ಅಬ್ಬರದಲ್ಲಿ ಕೂಗಿದರೆ ಕೇಳುವಂತಿಲ್ಲ. ಕಂಬಳಿಯನ್ನು ಹಾಗೇ ಬಿಟ್ಟರೆ ಮೊಗ್ಗು ಕೊಳೆತು ಹಿಂಡು ಆಚೆಯೇ ಉಳಿಯುತ್ತದೆ. ಮಡಚಿದರೆ ಈ ಒಂದು ಸಲ ಹಿಂಡು ಬಂದೀತು, ಆಮೇಲೆ ಎಂದೆಂದಿಗೂ ಹೂವಿಲ್ಲ. ಹೆಂಗಸರಲ್ಲೇ ಎರಡು ಪಕ್ಷವಾಗಿ ಜಗಳ ಹತ್ತಿತು. ಮಾಳವ್ವ ನಡುವೆ ಕೂತು ಅತ್ತಳು. ಮಡಚಲೆಂದು ಕಂಬಳಿಯ ಅಂಚನ್ನು ಹಿಡಿದಿದ್ದಳಂತೆ ಕೂಡ. ಕೆಳಗೆ ಡೇರೆಯ ಮುಂದೆ ಕಾರಭಾರಿ ಎದ್ದು ನಿಂತ.

ಆಗ ಆ ಕೈ ಹಿಡಿದವಳು ಆಕೆಯ ಅತ್ತೆ ಕಲ್ಲವ್ವ. ಕಣ್ಣು ಮಂಜಾದರೂ ದಿನವಿಡೀ ಉಣ್ಣೆ ನೂಲುತ್ತಿದ್ದ ಮುದುಕಿ. ನಮ್ಮಲ್ಲಿ ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಕಲ್ಲವ್ವ ಕಂಬಳಿಯ ಮೇಲೆ ಕೈಯಾಡಿಸಿದಳು. ಹುಣಸೆಬೀಜದ ಗಂಜಿ ತಿಂದು ಬಿರುಸಾಗಿದ್ದ ಕಂಬಳಿ ಮಳೆಯಲ್ಲಿ ನೆನೆದು ಮೆತ್ತಗಾಗಿತ್ತು. ಉಗುರಿನಿಂದ ಒಂದು ಎಳೆ ಕೆದಕಿ ಎಳೆದಳು. ಎಳೆ ಸರ್ರನೆ ಬಂತು.

"ಮಡಚಬ್ಯಾಡ ತಂಗಿ, ಬಿಚ್ಚು. ಅಡ್ಡ ಎಳಿ ತಗದು ಉದ್ದ ಎಳಿ ಹಂಗ ಬಿಡು."

"ಗಂಡಸರು ನೇದದ್ದು, ಅತ್ತಿ. ಅವರನ್ನ ಕೇಳದ?"

"ನೂತದ್ದು ನಾವು! ಬಿಚ್ಚಾಕ ಯಾರನ್ನ ಕೇಳಬೇಕ?"

ಮಳೆಗಾಲದ ಹೊಸ್ತಿಲಲ್ಲಿ ಕಂಬಳಿ ಬಿಚ್ಚುವುದೆಂದರೆ ಮನೆಯ ಸೂರು ಕಿತ್ತಂತೆ. ಆದರೂ ಒಬ್ಬಳೂ ಹಿಂಜರಿಯಲಿಲ್ಲ ಎನ್ನುತ್ತಾರೆ. ಬಗ್ಗಿದರು ನೋಡಿ, ಸಾಲಾಗಿ ಇಳಿಜಾರಿನುದ್ದಕ್ಕೂ! ಬರಿಗಾಲಲ್ಲಿ ಅಂಚಿನಿಂದಲೇ ಒಳಗೆ ಸರಿಯುತ್ತ, ಅಡ್ಡ ಎಳೆಗಳನ್ನೆಲ್ಲ ಎಳೆದೆಳೆದು ಉಂಡೆ ಸುತ್ತಿದರು. ಬೆರಳು ಸೀಳಿ ರಕ್ತ ಬಂತು, ನಗು ಮಾತ್ರ ನಿಲ್ಲಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ನೆಲದ ಮೇಲೆ ಉಳಿದದ್ದು ಎರಡು ತುದಿಗೂ ಮುಳ್ಳು ಚುಚ್ಚಿದ ಉದ್ದುದ್ದ ಕರಿ ಎಳೆಗಳು. ಕೆಳಗಿನ ಡೇರೆಯಿಂದ ನೋಡಿದವರಿಗೆ ಇಳಿಜಾರು ಇನ್ನೂ ಕಪ್ಪಗೇ ಕಾಣುತ್ತಿತ್ತು. ಎಳೆಗಳ ಸಂದಿನಿಂದ ಮರಿಗಂಟೆಯ ಮೊಗ್ಗುಗಳೆಲ್ಲ ತಲೆ ಎತ್ತಿ ನಿಂತವು.

ಬೆಳಗಾಯಿತು. ಗುಡ್ಡ ಬೆಳ್ಳಗಾಯಿತು! ಆಚೆ ದಡದಲ್ಲಿ ಜಕ್ಕಪ್ಪ ರುಮಾಲು ಬೀಸಿ ಕೇಕೆ ಹಾಕಿದ್ದೇ ತಡ, ಕುರಿಗಳು ಹೊಳೆಗೆ ಇಳಿದವು. ನೀರು ಎದೆಮಟ್ಟ, ಮರಿಗಳನ್ನು ಹೆಗಲ ಮೇಲೆ ಹೊತ್ತು, ಟಗರುಗಳ ಕೊಂಬು ಹಿಡಿದು, ಒಂದರ ಹಿಂದೆ ಒಂದು ಹಿಂಡು ದಾಟತೊಡಗಿತು. ಇತ್ತ ದೇಸಾಯಿ ಡೇರೆಯಿಂದ ಎದ್ದು ಬಿಳುಪು ಕಂಡು, ಮಡಚಿದಳೆಂದೇ ತಿಳಿದು, ಅಗೆಯುವವರನ್ನು ಎಬ್ಬಿಸಿಕೊಂಡು ಗುಡ್ಡ ಏರಿದ.

"ಎಲ್ಲವಾ ನಿನ್ನ ಕಂಬಳಿ?"

"ಹಾಸಿದ್ದು ಹಾಸಿದಂಗ ಐತ್ರಿ" ಎಂದು ಮಾಳವ್ವ ಹೂವಿನ ಬುಡ ತೋರಿಸಿದಳು. ಕರಿ ಎಳೆಗಳು, ಎಳೆಗಳ ನಡುವೆ ಭಂಡಾರದ ಹಳದಿ ಕಲೆ.

"ಇದು ಕಂಬಳಿ ಅಲ್ಲ, ಬರೇ ದಾರ!" ಎಂದು ಕಾರಭಾರಿ ಒದರಿದ.

"ಹಂಗಾರ ತುಳದು ನೋಡ್ರಿ."

ದೇಸಾಯಿ ಕಾಲೆತ್ತಿದ. ಎತ್ತಿದವನು ಹಿಂದಕ್ಕೊಮ್ಮೆ ನೋಡಿದ. ಅಗೆಯಲು ಬಂದವರೆಲ್ಲ ಕೆರ ಕಳಚಿ ಕೈ ಮುಗಿದು ನಿಂತಿದ್ದರು. ಎತ್ತಿದ ಕಾಲನ್ನು ಅವನು ಮೆಲ್ಲಗೆ ಹಿಂದೆಯೇ ಇಟ್ಟ. ಚಾಪೆಯ ಕೆಳಗೆ ತೂರಿದವನೆದುರು ರಂಗೋಲಿಯ ಕೆಳಗೆ ತೂರುವವಳು ಸಿಕ್ಕಿದ್ದಳು. ಕೆಟ್ಟ ಮನುಷ್ಯನೇನೂ ಆಗಿರಲಿಲ್ಲ ಎಂದು ನಮ್ಮಜ್ಜಿ ಅವನ ಪರವಾಗಿ ಒಂದು ಮಾತು ಸೇರಿಸುತ್ತಿದ್ದಳು. ಹೋಗುವ ಮೊದಲು ಬಗ್ಗಿ ಹೂವನ್ನೊಮ್ಮೆ ಹತ್ತಿರದಿಂದ ನೋಡಿದನಂತೆ. ಆಡಿದ ಆಣೆಯನ್ನು ಕೊನೆಯವರೆಗೂ ನಡೆಸಿದ.

ಜಕ್ಕಪ್ಪ ತೊಯ್ದ ಮೈಯಲ್ಲೇ ಗುಡ್ಡ ಹತ್ತಿ ಬಂದ. ಮಾಳವ್ವ ಮಗಳನ್ನು ಅವನ ಕೈಗಿಟ್ಟಳು. ಕೂಸಿಗೆ ಸುತ್ತಲು ಊರಲ್ಲಿ ಒಂದು ಕಂಬಳಿಯೂ ಇರಲಿಲ್ಲ, ಆತನ ಅಂಗಿಯೋ ನೀರು ಸುರಿಯುತ್ತಿತ್ತು. ಆ ಮಳೆಗಾಲ ಊರಿಗೆ ಊರೇ ತೊಯ್ದು ನಡುಗಿತು, ಯಾರೂ ಗೊಣಗಲಿಲ್ಲ. ಉಣ್ಣೆ ಕತ್ತರಿಸುವ ಕಾಲ ಬಂದಾಗ ಮೊದಲು ನೇಯ್ದ ಕಂಬಳಿಯನ್ನು ಆ ಕೂಸಿಗೆ ಹೊದಿಸಿದರು. ಮಾಳವ್ವ ತುಂಬ ಕಾಲ ಬಾಳಿದಳು. ಮಗಳ ಮದುವೆ ಮಾಡಿದಳು, ಮೊಮ್ಮಕ್ಕಳನ್ನು ಆಡಿಸಿದಳು, ಮುಪ್ಪಿನಲ್ಲಿ ವರ್ಷಕ್ಕೊಮ್ಮೆ ಮಗಳ ಹೆಗಲು ಹಿಡಿದು ಗುಡ್ಡ ಹತ್ತಿ ಎಳೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಮಡಚಲು ಮಾತ್ರ ಎಂದೂ ಬಗ್ಗಲಿಲ್ಲ. ಮಡಚದೆಯೇ ಕಣ್ಣು ಮುಚ್ಚಿದಳು.

ಈಗ ಹೋದವರು ಮೊದಲು ಕಾಣುವುದು ಗುಡ್ಡದ ಬುಡದಲ್ಲಿ ಬಿಟ್ಟ ಚಪ್ಪಲಿಗಳ ಸಾಲನ್ನು. ಬೇಲಿಯಿಲ್ಲ, ಫಲಕವಿಲ್ಲ, ಕಾವಲುಗಾರನಿಲ್ಲ. ಹೂಗಳು ಈಗಲೂ ನೇಯ್ಗೆಗೆ ಎಳೆ ಕಟ್ಟಿದಂತೆ ಉದ್ದುದ್ದ ಸಾಲುಗಳಲ್ಲೇ ಏಳುತ್ತವೆ. ಆ ಸಾಲುಗಳ ನಡುವೆ ಅಲ್ಲಲ್ಲಿ ಜಾಲಿಮುಳ್ಳಿಗೆ ಸಿಕ್ಕಿಸಿದ ಹೊಸ ಕರಿನೂಲು ಕಣ್ಣಿಗೆ ಬೀಳುತ್ತದೆ. ಊರಿಗೆ ಬಂದ ಹೊಸ ಸೊಸೆಯಂದಿರು ತಾವು ನೂತ ಮೊದಲ ಎಳೆಯನ್ನು ಇಲ್ಲಿ ತಂದು ಹಾಸುತ್ತಾರೆ. ಹೋದ ಮುಂಗಾರಿನಲ್ಲಿ ಪಟ್ಟಣದಿಂದ ಕಾರಿನಲ್ಲಿ ಬಂದವರಿಬ್ಬರು, ಇಂಥ ಗಡ್ಡೆ ಲೋಕದಲ್ಲೆಲ್ಲೂ ಸಿಗುವುದಿಲ್ಲ, ಒಂದು ಬುಟ್ಟಿ ಅಗೆದುಕೊಳ್ಳುತ್ತೇವೆ, ಕೇಳಿದ್ದು ಕೊಡುತ್ತೇವೆ ಎಂದು ಅಂಗಲಾಚಿದರು. ನಾನು ರೇಗಿ ಬಾಯಿ ತೆರೆಯುವುದರೊಳಗೆ, ಹೊಸ ನೂಲಿಗೆ ಮುಳ್ಳು ಚುಚ್ಚುತ್ತಿದ್ದ ನನ್ನ ಕಿರಿಸೊಸೆ ತಲೆಯೂ ಎತ್ತದೆ ಹೇಳಿದಳು:

"ಅಗೀರಲ್ಲ, ಯಾರು ಬ್ಯಾಡಂದ್ರು? ಹಾಸಿದಾಕಿ ಬಂದು ಮಡಚಲಿ, ಆಮ್ಯಾಲ ಅಗೀರಿ."