ಬೇಳೆಹೊಂಡ

ಘಟಿಕಾಪುರಕ್ಕೆ ಓದಲು ಬಂದವರು ಮೊದಲ ವಾರದಲ್ಲೇ ಊರಿನ ನೀರನ್ನು ಬೈಯಲು ಕಲಿಯುತ್ತಾರೆ. ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಬಕೆಟ್ಟಿನ ಒಳಮೈ ಸುಣ್ಣ ಬಳಿದಂತಾಗುತ್ತದೆ. ಸೋಪು ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ. ಇಲ್ಲಿ ಬಾಡಿಗೆ ಮನೆ ನೋಡಲು ಹೋದ ಗೃಹಿಣಿಯರು ಒಪ್ಪುವ ಮೊದಲು ಆ ಮನೆಯ ನಲ್ಲಿಯಿಂದ ಒಂದು ಚೊಂಬು ನೀರು ತಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡುತ್ತಾರೆ. ಪ್ರಯೋಗಾಲಯದ ವರದಿಗಿಂತ ಅವರಿಗೆ ಬೇಳೆಯ ಮೇಲೆ ನಂಬಿಕೆ. ವಿಶ್ವವಿದ್ಯಾಲಯದ ಹಿಂಬಾಗಿಲಿನಿಂದ ಕೂಗಳತೆಯಲ್ಲಿರುವ ಹಳೆಯ ಕಲ್ಲುಹೊಂಡಕ್ಕೆ ಬೇಳೆಹೊಂಡವೆಂಬ ಹೆಸರು ಬಂದದ್ದೂ ಇಂಥದೇ ಒಂದು ಪರೀಕ್ಷೆಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಜಾಗದಲ್ಲಿ ನಲವತ್ತು ವಿದ್ಯಾರ್ಥಿಗಳ ವೇದಪಾಠಶಾಲೆಯಿತ್ತು. ಅದರ ಅಡುಗೆಗೆ ಹೊಳೆದಂಡೆಯ ಊರಿನಿಂದ ವೆಂಗಮ್ಮ ಎಂಬ ವಿಧವೆ ಬಂದಳು. ಅಣ್ಣನ ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತ್ತು. ಇಲ್ಲಿಯ ಒಲೆಯೊಂದೇ ಗತಿ. ಕೈರುಚಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಇಲ್ಲಿ ಬೇಳೆ ಬೇಯಲೊಲ್ಲದು. ಮೂರು ತಾಸು ಕುದಿಸಿದರೂ ಕಾಳು ಕಾಳಾಗಿಯೇ ತೇಲುತ್ತಿತ್ತು. ಎಲೆಯ ಮುಂದೆ ಕುಳಿತ ವಿದ್ಯಾರ್ಥಿಗಳು, "ವೆಂಗಮ್ಮನವರೇ, ಇದು ತೊವ್ವೆಯೋ ಜಲ್ಲಿಯೋ? ಜಲ್ಲಿಯಾದರೆ ಅಂಗಳಕ್ಕೆ ಹಾಕಿಸಿ" ಎಂದು ನಗುತ್ತಿದ್ದರು.

ವಿಚಿತ್ರವೆಂದರೆ ಕೆಲವು ದಿನ ಅದೇ ಬೇಳೆ ಬೆಣ್ಣೆಯಂತೆ ಕರಗುತ್ತಿತ್ತು. ವೆಂಗಮ್ಮ ಸೌದೆ ಬದಲಿಸಿದಳು, ಬೇಳೆಯನ್ನು ರಾತ್ರಿಯೇ ನೆನೆಹಾಕಿದಳು, ಒಲೆಗೆ ದೃಷ್ಟಿ ತೆಗೆದಳು. ಯಾವುದಕ್ಕೂ ಲೆಕ್ಕ ಹತ್ತಲಿಲ್ಲ. ಕೊನೆಗೆ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕತೊಡಗಿದಳು: ಬೆಂದ ದಿನಕ್ಕೆ ನಿಂತ ಗೀಟು, ಬೇಯದ ದಿನಕ್ಕೆ ಮಲಗಿದ ಗೀಟು. ಪಕ್ಷವೊಂದು ಕಳೆದಾಗ ಅವಳು ಗೋಡೆಯ ಗೀಟುಗಳನ್ನು ಎರಡೆರಡು ಸಲ ಎಣಿಸಿದಳು. ಬೆಳಗಿನ ಜಾವಕ್ಕೆ ಎದ್ದು ಒದ್ದೆ ಸೀರೆಯಲ್ಲಿ ಕಟ್ಟುನಿಟ್ಟಾಗಿ ಮಡಿಯಲ್ಲಿದ್ದ ದಿನಗಳೆಲ್ಲ ಮಲಗಿದ್ದವು. ಮೈ ಸರಿಯಿಲ್ಲದೆ ತಡವಾಗಿ ಎದ್ದು, ಹೇಗೋ ಸ್ನಾನ ಮುಗಿಸಿ ಒಲೆ ಹೊತ್ತಿಸಿದ ದಿನಗಳೆಲ್ಲ ನಿಂತಿದ್ದವು. ಹಾಗಾದರೆ ದೇವರಿಗೆ ಬೇಕಾದದ್ದು ಮಡಿಯೋ ಮೈಗಳ್ಳತನವೋ?

ಅಷ್ಟರಲ್ಲಿ ಪಾಠಶಾಲೆಯ ಹಿರಿಯರಾದ ಘನಪಾಠಿಗಳಿಂದ ಮಾತು ಬಂತು. ಅವರದು ಹೊಟ್ಟೆನೋವಿನ ಶರೀರ. ದ್ವಾದಶಿಯ ಪಾರಣೆಗೆ ತೊವ್ವೆ ಮೆತ್ತಗಾಗದಿದ್ದರೆ ಬೇರೆ ಅಡುಗೆಯವರನ್ನು ಕರೆಸುವುದಾಗಿ ಹೇಳಿಕಳಿಸಿದರು. ದಶಮಿಯ ದಿನ ವೆಂಗಮ್ಮ ಹುಟ್ಟಿದಾರಭ್ಯ ಮಾಡದ ಕೆಲಸ ಮಾಡಿದಳು. ಬೇಕೆಂದೇ ಸ್ನಾನ ಮಾಡದೆ ಒಲೆ ಹೊತ್ತಿಸಿದಳು. ಆದರೂ ಅಭ್ಯಾಸ ಬಿಡದು. ಮಡಿಯ ದಿನಗಳಲ್ಲಿ ಮಾಡುವಂತೆಯೇ, ನೀರು ಹೊರುವವನು ದೇವಸ್ಥಾನದ ಬಾವಿಯಿಂದ ಸೇದುವುದನ್ನು ದೂರ ನಿಂತು ನೋಡಿಯೇ ಬಂದಿದ್ದಳು. ಬೇಳೆ ಬೇಯಲಿಲ್ಲ. ಮಡಿಯೂ ಹೋಯಿತು, ತೊವ್ವೆಯೂ ಹೋಯಿತು ಎಂದು ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಅತ್ತಳು.

ಕೊಡ ಇಳಿಸಲು ಬಂದ ಕದರಯ್ಯ ಅದನ್ನು ನೋಡಿದ. ಪಾಠಶಾಲೆಗೆ ಮಡಿನೀರು ಹೊರುವ ಮುದುಕ ಅವನು. ಕೊಡವನ್ನು ಕೆಳಗಿಟ್ಟು ಬಾಯಿ ಬಿಟ್ಟ.

"ತಂಗೀ, ನೀನು ನಿಂತು ನೋಡಿದ ದಿನ ಬಾವಿ. ನೋಡದ ದಿನ ಹೊಂಡ. ಅರವತ್ತು ಮೊಳದ ಹಗ್ಗ ಎಳೆಯೋಕೆ ನನ್ನ ರಟ್ಟೆಗೆ ಆಗೋಲ್ಲ."

ಹೊಂಡವೆಂದರೆ ಮಡಿವಾಳರು ಬಟ್ಟೆಗೆ ನೀರು ಮೊಗೆಯುತ್ತಿದ್ದ ಹೊಂಡ, ಬರೀ ಮಳೆನೀರು. ವೆಂಗಮ್ಮ ದಂಗಾದಳು. ಇಷ್ಟು ದಿನ ಹೊಂಡದ ನೀರು ಬೆರೆತದ್ದಕ್ಕೆ ಸಿಟ್ಟಾಗಬೇಕೋ, ಬೇಳೆ ಬೆಂದದ್ದಕ್ಕೆ ಕೈಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಕದರಯ್ಯ ಮೆಲ್ಲಗೆ ಅಂದ: "ಮಡಿವಾಳರನ್ನೇ ಕೇಳು. ಆ ಬಾವಿ ನೀರಲ್ಲಿ ಒಗೆದರೆ ಪಂಚೆ ಹಪ್ಪಳ ಆಗತ್ತಂತೆ. ಬೇಳೆ ಪಾಡೇನು?"

ಮುಚ್ಚಿಟ್ಟರೆ ತೊವ್ವೆ ಉಳಿಯುತ್ತಿತ್ತು. ಆದರೆ ಮೋಸದ ಅನ್ನ ಬಡಿಸುವುದು ಅವಳಿಂದಾಗದು. ಹೇಳಿಬಿಟ್ಟರೆ ಮುದುಕನ ಕೆಲಸವೂ ಅವಳ ಕೆಲಸವೂ ಒಟ್ಟಿಗೆ ಹೋಗುವ ಭಯ. ದ್ವಾದಶಿಯ ಬೆಳಗ್ಗೆ ಅವಳು ಹೊಂಡದ ಮೆಟ್ಟಿಲ ಮೇಲೆಯೇ ಎರಡು ಒಲೆ ಹೂಡಿ, ಬಳಪದ ಕಲ್ಲಿನ ಎರಡು ಮರಿಗೆಗಳನ್ನಿಟ್ಟು, ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಹೊಂಡದ ನೀರು ಹಾಕಿದಳು. ಅಳತೆ ಒಂದೇ, ಬೇಳೆ ಒಂದೇ, ಸೌದೆ ಒಂದೇ. ಘನಪಾಠಿಗಳನ್ನು ಕರೆತಂದು ಕೂರಿಸಿ, ಯಾವುದು ಎಲ್ಲಿಯ ನೀರೆಂದು ಒಂದೂ ಮರೆಮಾಚದೆ ಹೇಳಿ ಎರಡನ್ನೂ ಬಡಿಸಿದಳು.

"ಇದು ಶುದ್ಧವಾದದ್ದು, ಇದು ಬೆಂದದ್ದು. ಎರಡೂ ಒಂದೇ ಆಗುವ ದಾರಿ ನನಗೆ ತಿಳಿಯಲಿಲ್ಲ, ಸ್ವಾಮಿ."

ಘನಪಾಠಿಗಳು ಎರಡು ರಾಶಿಗಳನ್ನೂ ಬೆರಳಿನಿಂದ ಒತ್ತಿ ನೋಡಿದರು. ಮೊದಲನೆಯದನ್ನು ಕಣ್ಣಿಗೊತ್ತಿಕೊಂಡು ಬದಿಗಿಟ್ಟರು. ಎರಡನೆಯದನ್ನು ಉಂಡರು. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿ ಮತ್ತೊಮ್ಮೆ ಬಡಿಸುವಂತೆ ಕೈ ತೋರಿಸಿದರು. ಅಂದಿನಿಂದ ಬಾವಿಯ ನೀರು ದೇವರ ಅಭಿಷೇಕಕ್ಕೆ, ಹೊಂಡದ ನೀರು ಬೇಳೆಗೆ ಎಂದಾಯಿತಂತೆ. ವೆಂಗಮ್ಮ ಕೊನೆಯುಸಿರಿನವರೆಗೂ ಅಲ್ಲಿಯೇ ಅಡುಗೆ ಮಾಡಿದಳು, ಕದರಯ್ಯ ಕೊಡ ಹೊತ್ತ, ಹೊಂಡಕ್ಕೆ ಬೇಳೆಹೊಂಡವೆಂದೇ ಹೆಸರಾಯಿತು.

ಆ ಎರಡು ಮರಿಗೆಗಳು ಇಂದಿಗೂ ಮೆಟ್ಟಿಲ ಮೇಲಿವೆ. ವರ್ಷಗಟ್ಟಲೆ ಅಭಿಷೇಕದ ಬಾವಿನೀರು ತುಂಬಿಟ್ಟ ಒಂದರ ಒಳಗೆ ಉಗುರುದಪ್ಪ ಬಿಳಿಯ ಹಕ್ಕಳೆ, ಊರಿನ ನಲ್ಲಿಗಳಲ್ಲಿ ಕಾಣುವಂಥದೇ. ಬಂದವರು ಅದನ್ನು ವಿಭೂತಿಯೆಂದು ತಿಳಿದು ಕುಂಕುಮವಿಟ್ಟು, ಹೂ ಏರಿಸಿ, ಕೆರೆದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಎಷ್ಟು ತಿಳಿಹೇಳಿದರೂ ಕೇಳುವುದಿಲ್ಲ. ಬೇಳೆ ಬೆಂದ ಮರಿಗೆ ಪಕ್ಕದಲ್ಲಿ ಬರಿದಾಗಿದೆ. ಮಳೆ ಬಂದ ಮರುದಿನ ಅದರಲ್ಲಿ ಗುಬ್ಬಚ್ಚಿಗಳು ನೀರು ಕುಡಿಯುತ್ತವೆ.