ಬುಟ್ಟಿ ಹೆಣೆಯುವವಳ ಕಣ್ಣು

“ಮೇಷ್ಟ್ರೇ, ಓದಿದಷ್ಟೂ ಕಣ್ಣು ನನಗೆ ಅರ್ಥವಾಗದೆ ಹೋಗುತ್ತಿದೆ. ಹೀಗೂ ಉಂಟೇ?” ಎಂದು ತಾರಿಣಿ ಕೇಳಿದಳು.

ಅವಳು ದೃಷ್ಟಿವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಹಾಲಪ್ಪ ಮೇಷ್ಟ್ರು ಅವಳಿಗೆ ಆ ಶಾಸ್ತ್ರ ಕಲಿಸುವವರು. ಓದಲು ಬರುವ ಮೊದಲು ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು.

“ಅಂಗಡಿಯಲ್ಲಿದ್ದಾಗ ಯಾರು ಕೇಳಿದರೂ ಥಟ್ಟನೆ ಹೇಳುತ್ತಿದ್ದೆ. ಕಣ್ಣೆಂದರೆ ಕ್ಯಾಮೆರಾ, ಒಳಗೆ ಚಿತ್ರ ಬೀಳುತ್ತದೆ, ಅದೇ ನೋಟ ಎಂದು. ಈಗ ಅಕ್ಷಿಪಟಲ ಒಂದು ಹೇಳುತ್ತದೆ, ಮೆದುಳು ಇನ್ನೊಂದು ಹೇಳುತ್ತದೆ. ಚಿತ್ರ ಎಲ್ಲಿದೆ ಎಂಬುದೇ ತಿಳಿಯದು. ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಅಂಗಡಿಯವರು ಮತ್ತೆ ಕರೆಯುತ್ತಿದ್ದಾರೆ. ಹೋಗಿಬಿಡಲೇ?”

ಮೇಷ್ಟ್ರು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಹುಟ್ಟುವಾಗಲೇ ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕಿದೆಯೋ ಕತ್ತಲೆಯೋ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಆದರೂ ಅವಳ ಬದುಕಿಗೆ ಕೊರತೆ ಇರಲಿಲ್ಲ. ಗಂಡ ಬಿದಿರು ಕಡಿದು ತರುತ್ತಿದ್ದ. ಇವಳು ಸೀಳನ್ನು ಬೆರಳಿನಿಂದ ಸವರಿ ನೋಡಿ ಹೆಣೆಯುತ್ತಿದ್ದಳು. ಅವಳ ಬುಟ್ಟಿಗೆ ಸಂತೆಯಲ್ಲಿ ಹೆಸರಿತ್ತು. ಮನೆಯ ಮೂಲೆ ಮೂಲೆಯೂ ಅವಳಿಗೆ ಗೊತ್ತಿತ್ತು.

ಊರಿಗೆ ಬಂದ ವೈದ್ಯೆಯೊಬ್ಬಳು ಅವಳ ಕಣ್ಣನ್ನು ಪರೀಕ್ಷಿಸಿದಳು. ಪೊರೆ ತೆಗೆಯಬಹುದು ಎಂದಳು. ಹೆಂಡತಿ ತನ್ನ ಮುಖ ನೋಡುವಳೆಂದು ಗಂಡ ಹಿಗ್ಗಿದ. ಶಸ್ತ್ರಚಿಕಿತ್ಸೆ ಆಯಿತು. ಕಟ್ಟು ಬಿಚ್ಚಿದ ದಿನ ಗಂಡ ಹೊಸ ಅಂಗಿ ತೊಟ್ಟು ಬಂದ. ಅವನೂ ಇನ್ನಿಬ್ಬರೂ ಅವಳ ಮುಂದೆ ಸಾಲಾಗಿ ನಿಂತರು.

“ಇವರಲ್ಲಿ ನಿನ್ನ ಗಂಡ ಯಾರಮ್ಮಾ?” ಎಂದು ವೈದ್ಯೆ ಕೇಳಿದಳು.

ಅವಳ ಮುಂದೆ ಬಣ್ಣದ ತೇಪೆಗಳಿದ್ದವು. ಯಾವುದು ಮನುಷ್ಯ, ಯಾವುದು ಗೋಡೆ, ಎಲ್ಲಿ ಒಂದು ಮುಗಿದು ಇನ್ನೊಂದು ತೊಡಗುತ್ತದೆ, ಒಂದೂ ತಿಳಿಯಲಿಲ್ಲ. “ಮಾತಾಡಿದರೆ ಹೇಳುತ್ತೇನೆ” ಎಂದಳು.

ಗಂಡ ತಲೆ ತಗ್ಗಿಸಿದ. “ಕಣ್ಣು ಸರಿಯಾಗಿದೆ. ನೋಡುವುದನ್ನು ಮಾತ್ರ ಇನ್ನು ಕಲಿಯಬೇಕು” ಎಂದು ವೈದ್ಯೆ ಅವನಿಗೆ ಹೇಳಿದಳು. ಅದು ಅವನಿಗೆ ಬರೀ ಸಮಾಧಾನಕ್ಕೆ ಆಡಿದ ಮಾತಿನಂತೆ ಕೇಳಿಸಿತು.

ಮನೆಗೆ ಬಂದ ಮೇಲೆ ಕಷ್ಟ ಹೆಚ್ಚಿತು. ಅಂಗಳದಲ್ಲಿ ಕಂಬದ ನೆರಳು ಬಿದ್ದರೆ ಹಳ್ಳವೆಂದು ಹೆದರಿ ದಾಟುವಳು. ನಿಜವಾದ ಮೆಟ್ಟಿಲನ್ನು ನೆರಳೆಂದು ಬಗೆದು ಎಡವುವಳು. ಹೆಣೆಯಲು ಕುಳಿತರೆ ಬೆರಳು ಹೇಳಿದ್ದನ್ನು ಕಣ್ಣು ಒಪ್ಪುತ್ತಿರಲಿಲ್ಲ. ಬುಟ್ಟಿ ಸೊಟ್ಟಗಾಯಿತು. ಅವಳು ಅದನ್ನು ಬದಿಗಿಟ್ಟು ಅತ್ತಳು. ಆಮೇಲೆ ಒಂದು ಬಟ್ಟೆ ತಂದು ಕಣ್ಣಿಗೆ ಬಿಗಿದು ಕುಳಿತಳು. ಬುಟ್ಟಿ ನೆಟ್ಟಗೆ ಬಂತು.

“ಹಾಗೇ ಕಟ್ಟಿಕೊಂಡಿರು. ನನ್ನ ಮುಖ ಕಾಣದಿದ್ದರೆ ಬೇಡ. ಮೊದಲು ಚೆನ್ನಾಗಿಯೇ ಇದ್ದೆವಲ್ಲ” ಎಂದ ಗಂಡ. ಸಿಟ್ಟಿನಿಂದಲ್ಲ, ಮರುಕದಿಂದ. ಅವಳಿಗೂ ಅದೇ ಸರಿಯೆನಿಸಿತು. ಹಗಲೆಲ್ಲ ಬಟ್ಟೆ ಕಟ್ಟಿಕೊಂಡೇ ಇರತೊಡಗಿದಳು.

ಒಂದು ಬೆಳಿಗ್ಗೆ ಮುಖ ತೊಳೆಯಲು ಬಟ್ಟೆ ಬಿಚ್ಚಿದಳು. ನಲ್ಲಿ ತಿರುಗಿಸಿ ನೀರಿಗೆಂದು ಕೈ ಚಾಚಿದಾಗ ತೇಪೆಗಳ ನಡುವಿನಿಂದ ಒಂದು ತೇಪೆ ಸರಿಯಿತು. ಅವಳು ಬೆಚ್ಚಿ ಕೈ ನಿಲ್ಲಿಸಿದಳು. ಅದೂ ನಿಂತಿತು. ಮತ್ತೆ ಆಡಿಸಿದಳು. ಅದೂ ಆಡಿತು. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಅವಳು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು. ತನ್ನದೇ ಕೈ! ನೀರು ಹರಿದು ಹೋಗುತ್ತಿದ್ದರೂ ಅವಳು ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತಳು.

ಅಂದಿನಿಂದ ಅವಳು ಬಟ್ಟೆ ಕಟ್ಟಲಿಲ್ಲ. ಒಟ್ಟಿಗೆ ಚಲಿಸುವುದೆಲ್ಲ ಒಂದೇ ವಸ್ತು ಎಂಬುದು ಅವಳಿಗೆ ಹೊಳೆಯಿತು. ಕೋಳಿ ನಡೆದಾಗ ಕೋಳಿ ಕಂಡಿತು. ಕೊಡವನ್ನು ಅಲ್ಲಾಡಿಸಿ ಕೊಡ ನೋಡಿದಳು. ಮುಟ್ಟಿ ನೋಡುವಳು, ನೋಡಿ ಮುಟ್ಟುವಳು. ತಪ್ಪಾದಾಗ ಈಗ ಅಳುತ್ತಿರಲಿಲ್ಲ. ನಗುತ್ತಿದ್ದಳು.

ಮಳೆಗಾಲ ಕಳೆದಿತ್ತು. ಒಂದು ಸಂಜೆ ಅವಳು ಜಗಲಿಯಲ್ಲಿ ಕುಳಿತಿದ್ದಳು. ಬೀದಿಯಲ್ಲಿ ಜನ ಬರುತ್ತಿದ್ದರು. ಒಬ್ಬ ಬಿದಿರಿನ ಹೊರೆ ಹೊತ್ತು, ಒಂದು ಭುಜ ತಗ್ಗಿಸಿ ನಡೆದು ಬರುತ್ತಿದ್ದ. ಅವನು ಇನ್ನೂ ದೂರದಲ್ಲಿದ್ದ. ಬಾಯಿ ತೆರೆದಿರಲಿಲ್ಲ. ಅವಳು ಎದ್ದು ನಿಂತು, “ಬಂದಿರಾ?” ಎಂದಳು. ಅವನು ನಡುಬೀದಿಯಲ್ಲೇ ಹೊರೆ ಇಳಿಸಿ ಅಂಗವಸ್ತ್ರದಿಂದ ಮುಖ ಒರೆಸಿಕೊಂಡ.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು.

ತಾರಿಣಿ ಕೇಳಿದಳು: “ಆಮೇಲೆ ಅವಳಿಗೆ ಎಲ್ಲವೂ ನಮ್ಮಂತೆಯೇ ಕಂಡಿತೇ?”

“ಇಲ್ಲ. ಸಣ್ಣದು ಕಾಣದು. ಹೊಸಬರ ಮುಖ ಗುರುತು ಹತ್ತುವುದಿಲ್ಲ. ಇನ್ನೂ ಕಲಿಯುತ್ತಿದ್ದಾಳೆ.”

“ಅಷ್ಟು ಗೊಂದಲದಲ್ಲಿ ಅವಳು ಹೇಗೆ ತಡೆದುಕೊಂಡಳು, ಮೇಷ್ಟ್ರೇ? ನಾನಾಗಿದ್ದರೆ ಹಳೆಯದೇ ಸಾಕು ಎನ್ನುತ್ತಿದ್ದೆ.”

ಮೇಷ್ಟ್ರು ಅವಳನ್ನೇ ನೋಡಿದರು.

“ಪೊರೆ ಇದ್ದಷ್ಟು ಕಾಲ ಅವಳಿಗೆ ಯಾವ ಗೊಂದಲವೂ ಇರಲಿಲ್ಲ, ತಾರಿಣಿ.”