ಸಾಕು ಎಂದ ಕಣ

ಎದೆಗೂಡಿನ ಮಬ್ಬು ಬೆಳಕಿನಲ್ಲಿ ಬಿಳಿ ರಕ್ತಕಣಗಳ ವಿಶ್ವವಿದ್ಯಾಲಯವೊಂದಿತ್ತು. ಅಲ್ಲಿ ಓದುವವರಿಗೆಲ್ಲ ರೋಗಾಣು ಕೊಲ್ಲುವ ಕೆಲಸವೇ ಬೇಕು. ಕಿರಿಯ ಕಣವೊಂದಕ್ಕೂ ಅದೇ ಕನಸು.

ಕೊನೆಯ ಪರೀಕ್ಷೆಯಲ್ಲಿ ಗುರುಗಳು ಅದರ ಮುಂದೆ ಒಂದು ಜೀವಕೋಶವನ್ನು ತಂದು ನಿಲ್ಲಿಸಿದರು. ಹೊಡೆಯಲು ಎತ್ತಿದ ಕಣದ ಕೈ ಹಾಗೇ ನಿಂತಿತು.

“ಗುರುಗಳೇ, ಇದು ನಮ್ಮ ಹೃದಯದ್ದೇ ಕೋಶ. ನನ್ನಿಂದಾಗದು. ನಾನು ಫೇಲಾದೆನೇ?”

“ಕೊಲ್ಲುವ ಕೆಲಸ ನಿನಗಿಲ್ಲ. ಬೇರೊಂದಿದೆ, ಕಾದಿರು.”

ಕಣದ ಮುಖ ಸಪ್ಪಗಾಯಿತು.

ಮುಂದೊಮ್ಮೆ ಮೈಗೆ ಜ್ವರ ಬಂತು. ಸಹಪಾಠಿಗಳು ರೋಗಾಣುಗಳನ್ನೆಲ್ಲ ಕೊಂದು ಮುಗಿಸಿದರು. ಆದರೂ ಆವೇಶ ಇಳಿಯದೆ ಹೃದಯದ ಮೇಲೇ ಕೈಯೆತ್ತಿದರು. ಕಿರಿಯ ಕಣ ಅಡ್ಡ ನಿಂತು ಮೆಲ್ಲಗೆ ಅಂದಿತು:

“ಸಾಕು. ಶತ್ರು ಸತ್ತಾಯಿತು. ಇದು ನಮ್ಮ ಮನೆ.”

ಎದ್ದ ಕೈಗಳು ಒಂದೊಂದಾಗಿ ಇಳಿದವು. ಜ್ವರವೂ ಇಳಿಯಿತು.